ರಜೆಯ ರಿಜಿಸ್ಟರಿನಲ್ಲಿ ಕಂಡ ಶ್ರೇಷ್ಠ ಆಟಗಾರ

ಒಂದು ಕಾಲದಲ್ಲಿ ಮಸ್ಕತ್ತಿನ ನಮ್ಮ ಊರಿನವರ ನಡುವೆ ನಾನು ಫುಟ್‌ಬಾಲ್ ಪಂಡಿತನೆಂದು ಹೆಸರು ಮಾಡಿದ್ದೆ. ಬದುಕಿನಲ್ಲಿ ಒಮ್ಮೆಯೂ ಚೆಂಡಿಗೆ ಕಾಲು ತಾಗಿಸಿದವನಲ್ಲ. ಆಫ್‌ಸೈಡ್ ಎಂದರೆ ಏನೆಂದು ಕೇಳಿದರೆ ಇವತ್ತಿಗೂ ಮಾತು ಬದಲಿಸುತ್ತೇನೆ. ಆದರೂ ಮುಂದಿನ ವರ್ಷದ ‘ಶ್ರೇಷ್ಠ ಆಟಗಾರ’ ಯಾರೆಂದು ಒಂದು ವರ್ಷ ಮೊದಲೇ ಬರೆದು, ನಾಲ್ಕು ವರ್ಷ ಸಾಲಾಗಿ ಅದು ನಿಜವಾಗಿತ್ತು. ಈಗ ಯಾರಾದರೂ ಟಿ.ವಿ.ಯಲ್ಲಿ ಕುಳಿತು ಅಂಥದೇ ಭವಿಷ್ಯ ಹೇಳುವುದನ್ನು ಕಂಡರೆ, ಈ ಮನುಷ್ಯನ ಮೇಜಿನ ಡ್ರಾಯರಿನಲ್ಲಿ ಏನಿದೆಯೋ ಎಂದು ಮೊದಲು ಯೋಚಿಸುತ್ತೇನೆ.

ಅದು ಕಾಲೇಜು ಫುಟ್‌ಬಾಲ್. ಹಾಗೆಂದು ಆಡುವವರು ಕಾಲೇಜು ಹುಡುಗರೆಂದು ತಿಳಿಯಬಾರದು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಮಂಗಳೂರು, ಉಡುಪಿ ಕಡೆಯಿಂದ ಬಂದು ಮಸ್ಕತ್ತಿನ ಆಫೀಸು, ಅಂಗಡಿ, ಕಾರ್ಖಾನೆಗಳಲ್ಲಿ ಸೇರಿಕೊಂಡಿದ್ದ ನಮ್ಮವರು, ತಾವು ಊರಿನಲ್ಲಿ ಓದಿದ ಕಾಲೇಜುಗಳ ಲೆಕ್ಕದಲ್ಲಿ ತಂಡ ಕಟ್ಟಿಕೊಂಡಿದ್ದರು. ಗುಡ್ಡದ ಕಾಲೇಜು, ಕಡಲಬದಿಯ ಕಾಲೇಜು, ಪೇಟೆ ಕಾಲೇಜು, ಸಂಜೆ ಕಾಲೇಜು ಎಂದು ನಾಲ್ಕು ತಂಡ. ಆಟಗಾರರ ವಯಸ್ಸು ಸುಮಾರು ಮೂವತ್ತೈದು. ಸೊಂಟದ ಸುತ್ತಳತೆಯೂ ಅಷ್ಟೇ, ಇಂಚಿನಲ್ಲಿ.

ತಂಡಕ್ಕೆ ಸೇರಬೇಕಾದರೆ ಆ ಕಾಲೇಜಿನಲ್ಲಿ ಓದಿದ್ದಕ್ಕೆ ದಾಖಲೆ ಕೊಡಬೇಕು. ಗಲ್ಫಿಗೆ ಬಂದವರಿಗೆ ದಾಖಲೆಯ ಹುಚ್ಚು ತನ್ನಷ್ಟಕ್ಕೇ ಹಿಡಿಯುತ್ತದೆ; ಅಟೆಸ್ಟ್ ಮಾಡಿಸದ ಕಾಗದವನ್ನು ನಾವು ಕಾಗದವೆಂದೇ ಒಪ್ಪುತ್ತಿರಲಿಲ್ಲ. ಒಬ್ಬರು ಲೈಬ್ರರಿ ಕಾರ್ಡು ತಂದರು. ಒಬ್ಬರು ಕಾಲೇಜು ವಾರ್ಷಿಕೋತ್ಸವದ ನಾಟಕದಲ್ಲಿ ದ್ವಾರಪಾಲಕನಾಗಿ ನಿಂತ ಫೋಟೋ ತಂದು, ಹಿಂದಿನ ಪರದೆಯ ಮೇಲೆ ಕಾಲೇಜಿನ ಹೆಸರಿದೆ ನೋಡಿ ಎಂದರು. ಫೇಲಾದ ಪರೀಕ್ಷೆಯ ಹಾಲ್ ಟಿಕೆಟನ್ನೂ ಒಪ್ಪಿಕೊಳ್ಳುತ್ತಿದ್ದೆವು. ಪಾಸಾದದ್ದಕ್ಕೇ ದಾಖಲೆ ಬೇಕೆಂದಿದ್ದರೆ ಸಂಜೆ ಕಾಲೇಜಿನಿಂದ ಗೋಲ್‌ಕೀಪರನ್ನು ಬಿಟ್ಟರೆ ಇನ್ಯಾರೂ ಬರುತ್ತಿರಲಿಲ್ಲ.

ಆಟ ನಡೆಯುತ್ತಿದ್ದದ್ದು ವಾದಿ ಕಬೀರಿನಲ್ಲಿ, ಗ್ಯಾರೇಜುಗಳ ಹಿಂದಿನ ಖಾಲಿ ಜಾಗದಲ್ಲಿ. ಹುಲ್ಲಿನ ಮಾತೇ ಇಲ್ಲ, ಬರೀ ಜಲ್ಲಿಕಲ್ಲು. ಬಿದ್ದವರು ಏಳುವಾಗ ಮೊಣಕಾಲಿನ ಚರ್ಮವನ್ನು ಅಲ್ಲೇ ಬಿಟ್ಟು ಏಳುತ್ತಿದ್ದರು. ಗೋಲು ಕಂಬಗಳನ್ನು ಗ್ಯಾರೇಜಿನವರೇ ಹಳೆಯ ಪೈಪಿನಿಂದ ವೆಲ್ಡ್ ಮಾಡಿಕೊಟ್ಟಿದ್ದರು. ಜನವರಿ ಬಂತೆಂದರೆ ಶುಕ್ರವಾರಗಳ ಬೆಳಿಗ್ಗೆ ಇಡೀ ನಮ್ಮ ಊರೇ ಅಲ್ಲಿ. ಹೆಂಗಸರು ಬನ್ಸು, ಚಟ್ನಿ, ಫ್ಲಾಸ್ಕಿನಲ್ಲಿ ಕಾಫಿ ತಂದು ಚಾಪೆ ಹಾಸುತ್ತಿದ್ದರು. ಜುಮ್ಮಾ ನಮಾಜಿನ ಬಾಂಗಿಗೆ ಮೊದಲು ಆಟ ಖಲಾಸ್ ಆಗಬೇಕಿತ್ತು. ರೆಫ್ರಿ ಚೆಂಡಿಗಿಂತ ಹೆಚ್ಚು ಕೈಗಡಿಯಾರವನ್ನೇ ನೋಡುತ್ತಿದ್ದ.

ಜನವರಿಯ ಕೊನೆಯ ಶುಕ್ರವಾರ ಫೈನಲ್. ಗೆದ್ದ ತಂಡಕ್ಕೆ ಒಂದು ಶೀಲ್ಡ್ ಇತ್ತು, ಆದರೆ ಅದರ ಕಡೆ ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಶ್ರೇಷ್ಠ ಆಟಗಾರನ ಕಪ್ಪಿನ ಮೇಲೆ. ಅದು ಎರಡು ಕಿವಿಗಳ, ಮೊಣಕಾಲೆತ್ತರದ, ಒಳ್ಳೆ ಹೊಳಪಿನ ಕಪ್. ಅದನ್ನು ಕೊಟ್ಟ ಸಂಜೆಯೇ ಮುಂದಿನ ವರ್ಷ ಅದು ಯಾರಿಗೆ ಎಂಬ ಚರ್ಚೆ ಶುರುವಾಗುತ್ತಿತ್ತು. ಹನ್ನೊಂದು ತಿಂಗಳು ಸೆಖೆಯಲ್ಲಿ ಬೇಯುತ್ತ, ಕಂಪನಿ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಬಾಣಂತಿ ನೋಡಲು ಹೋದ ಆಸ್ಪತ್ರೆಯಲ್ಲೂ ಅದೇ ಚರ್ಚೆ. ಊರಿನ ಚುನಾವಣೆಯ ಬಗ್ಗೆಯೂ ನಮ್ಮ ಜನ ಇಷ್ಟು ತಲೆ ಕೆಡಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಈ ಚರ್ಚೆಗೆ ತುಪ್ಪ ಸುರಿಯುತ್ತಿದ್ದವನು ನಾನು. ನಮ್ಮ ಸಂಘ ನಾಲ್ಕು ಪುಟದ ಒಂದು ಸೈಕ್ಲೋಸ್ಟೈಲ್ ಪತ್ರಿಕೆ ಹೊರಡಿಸುತ್ತಿತ್ತು. ಕನ್ನಡ ಟೈಪ್‌ರೈಟರ್ ಇಲ್ಲದ್ದರಿಂದ ಎಲ್ಲವನ್ನೂ ಸ್ಟೆನ್ಸಿಲ್ ಹಾಳೆಯ ಮೇಲೆ ಕೈಯಲ್ಲೇ ಕೊರೆಯಬೇಕು. ಅಕ್ಷರ ದುಂಡಗಿತ್ತೆಂಬ ಒಂದೇ ಕಾರಣಕ್ಕೆ ನನ್ನನ್ನು ಸಂಪಾದಕನನ್ನಾಗಿ ಮಾಡಿದ್ದರು. ಮೂರನೆಯ ಪುಟ ತುಂಬಿಸಲು ಏನೂ ಸಿಗದೆ ‘ಮುಂದಿನ ವರ್ಷದ ಶ್ರೇಷ್ಠ ಆಟಗಾರ: ನಮ್ಮ ಮುನ್ನೋಟ’ ಎಂಬ ಅಂಕಣ ಶುರು ಮಾಡಿದೆ. ಮೊದಲನೆಯ ಸಲ ಬರೆದದ್ದು ನಿಜವಾದಾಗ ನನಗೇ ಆಶ್ಚರ್ಯವಾಗಿತ್ತು. ಆಮೇಲೆ ಕೂತು ಯೋಚಿಸಿದಾಗ ಗುಟ್ಟು ಗೊತ್ತಾಯಿತು.

ನಾನು ಕೆಲಸ ಮಾಡುತ್ತಿದ್ದದ್ದು ರುಸೈಲಿನ ಒಂದು ಕಾರ್ಖಾನೆಯ ಪರ್ಸೊನೆಲ್ ವಿಭಾಗದಲ್ಲಿ. ಯಾರ ವೀಸಾ ಯಾವಾಗ ಮುಗಿಯುತ್ತದೆ, ಯಾರ ಪಾಸ್‌ಪೋರ್ಟ್ ಯಾವ ಕಪಾಟಿನಲ್ಲಿದೆ, ಯಾರು ಯಾವ ತಿಂಗಳು ಊರಿಗೆ ಹೋಗುತ್ತಾರೆ, ಎಲ್ಲವೂ ನನ್ನ ಮೇಜಿನ ಮೇಲೆ ಹಾದು ಹೋಗಬೇಕು. ಬೇರೆ ಕಂಪನಿಗಳಲ್ಲೂ ಇಂಥದೇ ಕುರ್ಚಿಗಳಲ್ಲಿ ನಮ್ಮವರೇ ಕುಳಿತಿದ್ದರು. ಫೋನಿನಲ್ಲಿ ಕೇಳಿದರೆ ಹೇಳುತ್ತಿದ್ದರು. ಗಲ್ಫಿನಲ್ಲಿ ಒಳ್ಳೆಯ ಆಟಗಾರನಾಗುವುದಕ್ಕೆ ಕಾಲು ಮುಖ್ಯವಲ್ಲ. ಜನವರಿಯಲ್ಲಿ ಅವನು ಇಲ್ಲಿರಬೇಕು, ಅಷ್ಟೇ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಯಾರು ಆಗ ಊರಿನಲ್ಲಿರುತ್ತಾರೆ, ಯಾರನ್ನು ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಕೆಲಸದಿಂದ ಬಿಡಿಸಿ ಕಳಿಸುತ್ತಾನೆ ಎಂದು ನೋಡಿ ಹೆಸರುಗಳನ್ನು ಹೊಡೆದು ಹಾಕುತ್ತ ಬಂದರೆ ಕೊನೆಗೆ ಒಂದೋ ಎರಡೋ ಉಳಿಯುತ್ತಿದ್ದವು. ಉಳಿದವನ ಬಗ್ಗೆ ‘ಚಿರತೆಯ ಚುರುಕು’, ‘ಎಡಗಾಲಿನ ಮಾಂತ್ರಿಕ’ ಎಂದು ಒಂದಷ್ಟು ಬರೆದರೆ ಮುನ್ನೋಟ ತಯಾರು.

ಮತ್ತೊಂದು ಅನುಕೂಲವೂ ಇತ್ತು. ಆಯ್ಕೆ ಸಮಿತಿಯ ಮೂವರು ಹಿರಿಯರಲ್ಲಿ ಇಬ್ಬರು ಆಟದ ಹೊತ್ತಿಗೆ ಬನ್ಸಿನ ಚಾಪೆಯ ಹತ್ತಿರ ಇರುತ್ತಿದ್ದರು. ಮೂರನೆಯವರು, ಒಂದು ಇನ್ಶೂರೆನ್ಸ್ ಆಫೀಸಿನ ಹಳೆಯ ತಲೆ, ಮೈದಾನಕ್ಕೆ ಬರುವಾಗ ನಮ್ಮ ಪತ್ರಿಕೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ಹೆಸರು ತಪ್ಪಬಾರದಲ್ಲ!

ಮೂರನೆಯ ವರ್ಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಜನ ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ನಾನು ಒಂದು ನಗು ನಕ್ಕು, “ನೋಡುವ, ನೋಡುವ” ಎಂದು ಮುಂದೆ ಹೋಗುತ್ತಿದ್ದೆ. ಮನೆಯಲ್ಲಿ ಮಾತ್ರ ನನಗೆ ಬೆಲೆ ಇರಲಿಲ್ಲ.

“ಫುಟ್‌ಬಾಲಿದ್ದು ಇರ್ಲಿ, ಗ್ಯಾಸು ಯಾವತ್ತು ಮುಗೀತದೆ ಅಂತ ಒಮ್ಮೆ ಭವಿಷ್ಯ ಹೇಳಿ ನೋಡುವ. ಪ್ರತಿ ಸಲ ಅರ್ಧ ಬೆಂದ ಅನ್ನದ ಮೇಲೆಯೇ ಗೊತ್ತಾಗುದು” ಎಂದು ಹೆಂಡತಿ ಹೇಳುತ್ತಿದ್ದಳು.

ಇಷ್ಟರಲ್ಲಿ ನನ್ನಿಂದ ಒಂದು ದೊಡ್ಡ ತಪ್ಪು ನಡೆಯಿತು. ಒಂದು ಜನವರಿಯಲ್ಲಿ ನಾನು ನಿಜವಾಗಿಯೂ ಆಟ ನೋಡಿಬಿಟ್ಟೆ.

ಸಂಜೆ ಕಾಲೇಜಿನ ತಂಡದಲ್ಲಿ ಆ ವರ್ಷ ನಮ್ಮದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಒಬ್ಬರು ಆಡಿದ್ದರು. ಬೆಳ್ತಂಗಡಿ ಕಡೆಯ ತುಳುವರು, ಮೂವತ್ತು ದಾಟಿರಲಿಕ್ಕಿಲ್ಲ, ಮಾತು ಕಡಿಮೆ. ಪಿಯುಸಿ ಒಂದು ವರ್ಷ ಓದಿ ಬಿಟ್ಟವರು. ರುಸೈಲಿನ ಕ್ಯಾಂಪಿನಿಂದ ಶುಕ್ರವಾರ ಯಾರದೋ ಪಿಕಪ್ಪಿನ ಹಿಂದೆ ಕುಳಿತು ಬರುತ್ತಿದ್ದರು. ಫೈನಲ್ಲಿನ ದಿನ ನಾನು ಕಾಫಿ ಕುಡಿಯುತ್ತ ಸುಮ್ಮನೆ ಆ ಕಡೆ ನೋಡಿದೆ. ಅವರು ಚೆಂಡನ್ನು ತಮ್ಮ ಕಂಬದ ಹತ್ತಿರ ಹಿಡಿದವರು, ಒಬ್ಬೊಬ್ಬರನ್ನೇ ದಾಟಿಸಿಕೊಂಡು, ಜಲ್ಲಿಯ ಮೇಲೆ ಒಮ್ಮೆಯೂ ಎಡವದೆ, ಆ ತುದಿಗೆ ಹೋಗಿ ಗೋಲಿನ ಮೂಲೆಗೆ ಮೆಲ್ಲಗೆ ತಳ್ಳಿಬಂದರು. ಕೂಗಾಟವಿಲ್ಲ, ಕುಣಿತವಿಲ್ಲ. ಗೋದಾಮಿನಲ್ಲಿ ಪ್ಯಾಲೆಟ್ ಇಟ್ಟುಬಂದ ಹಾಗೆ ಇಟ್ಟುಬಂದರು. ಫುಟ್‌ಬಾಲ್ ಎಂದರೆ ಇದಾ ಎಂದು ಅವತ್ತು ಮೊದಲ ಸಲ ಅನಿಸಿತು.

ಆ ವರ್ಷದ ಕಪ್ ನಾನು ಹಿಂದಿನ ವರ್ಷವೇ ಬರೆದಿದ್ದ ಕಡಲಬದಿಯ ಕಾಲೇಜಿನವನಿಗೆ ಹೋಯಿತು. ನಾನು ಮನೆಗೆ ಬಂದವನೇ ಸ್ಟೆನ್ಸಿಲ್ ಎದುರು ಕುಳಿತು, ಮುಂದಿನ ವರ್ಷದ ಶ್ರೇಷ್ಠ ಆಟಗಾರ ಈ ಫೋರ್ಕ್‌ಲಿಫ್ಟಿನವರೇ, ಇದರಲ್ಲಿ ಎರಡು ಮಾತಿಲ್ಲ ಎಂದು ಒಂದೇ ಉಸಿರಿಗೆ ಕೊರೆದೆ. ರಜೆಯ ರಿಜಿಸ್ಟರನ್ನು ತೆಗೆದು ನೋಡಲಿಲ್ಲ. ಪತ್ರಿಕೆ ಹೊರಬಂತು. ಜನರೂ ಒಪ್ಪಿದರು. ಆ ಮನುಷ್ಯ ಕ್ಯಾಂಟೀನಿನಲ್ಲಿ ಸಿಕ್ಕಿದಾಗ ತಲೆ ತಗ್ಗಿಸಿ, “ಎಂತಕ್ಕೆ ಸಾರ್ ಅದೆಲ್ಲ” ಎಂದರು. ಆದರೆ ಪತ್ರಿಕೆಯ ಎರಡು ಪ್ರತಿ ಕೇಳಿ ತೆಗೆದುಕೊಂಡರು, ಒಂದು ಊರಿಗೆ ಕಳಿಸಲಿಕ್ಕೆ.

ಅಕ್ಟೋಬರಿನಲ್ಲಿ ಅವರ ರಜೆ ಫಾರ್ಮು ನನ್ನ ಕೌಂಟರಿಗೆ ಬಂತು. ಜನವರಿ, ಫೆಬ್ರವರಿ, ಎರಡು ತಿಂಗಳು. ನಾನು ಫಾರ್ಮನ್ನೂ ಅವರ ಮುಖವನ್ನೂ ನೋಡಿದೆ.

“ಜನವರಿಯಾ? ಟೂರ್ನಮೆಂಟ್ ಉಂಟಲ್ಲ ಮಾರಾಯ್ರೆ!”

“ಉಂಟು ಸಾರ್. ಆದ್ರೆ ನನ್ನ ರಜೆ ಅದೇ ಅಲ್ವಾ ಬರುದು. ಮಗಳಿಗೆ ಈಗ ವರ್ಷ ತುಂಬಿತು. ನಾನಿನ್ನೂ ನೋಡ್ಲಿಲ್ಲ” ಎಂದು ಅವರು ಜೇಬಿನಿಂದ ಒಂದು ಫೋಟೋ ತೆಗೆದರು. ಬೋಳು ತಲೆಯ, ಎರಡು ಹಲ್ಲಿನ ಮಗು, ಅಜ್ಜಿಯ ಮಡಿಲಲ್ಲಿ. “ಬೆಂಚು ಹಿಡ್ಕೊಂಡು ನಿಲ್ತಾಳಂತೆ. ಕೈ ಬಿಡ್ಲಿಕ್ಕೆ ಹೆದರಿಕೆ ಅಂತ ಬರ್ದಿದ್ದಾಳೆ ಇವಳು. ನಡೀಲಿಕ್ಕೆ ಸುರು ಮಾಡುವಾಗ ನಾನು ಅಲ್ಲಿರ್ಬೇಕು ಅಂತ ಒಂದು ಆಸೆ ಸಾರ್. ಬೇರೆಂತ ಇಲ್ಲ.”

ನಾನು ಸೀಲು ಹೊಡೆದು, ತಾರೀಕು ಬರೆದು ಫಾರ್ಮನ್ನು ಟ್ರೇಯಲ್ಲಿಟ್ಟೆ. ಎರಡು ದಿನ ಬಿಟ್ಟು ಸ್ಟೋರ್ಸಿನ ಇನ್ನೊಬ್ಬ ಕೆಲಸಗಾರನ ಫಾರ್ಮೂ ಬಂತು, ಅದೂ ಜನವರಿಗೇ. ಸ್ಟೋರ್ಸಿನಿಂದ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಬಿಡುವುದು ನಮ್ಮ ಕಾರ್ಖಾನೆಯ ಪದ್ಧತಿ. ಮೊದಲು ಕೊಟ್ಟವರ ಫಾರ್ಮು ಮೇಲೆ. ಮ್ಯಾನೇಜರು ಫಾರ್ಮುಗಳನ್ನು ಓದುತ್ತಿರಲಿಲ್ಲ. ಮೇಲಿನದ್ದಕ್ಕೆ ಸಹಿ ಹಾಕಿ, ಕೆಳಗಿನದ್ದರ ಮೇಲೆ ‘ಮಾರ್ಚ್’ ಎಂದು ಬರೆದು ಕಳಿಸುತ್ತಿದ್ದರು. ಅವರಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಆ ವಾರವಿಡೀ ನಾನು ಯೋಚಿಸಿದ್ದು ಆ ಮಗುವಿನ ಬಗ್ಗೆ ಅಲ್ಲ. ಜನವರಿಯಲ್ಲಿ ನನ್ನ ಮುನ್ನೋಟ ಮೂರಾಬಟ್ಟೆಯಾದರೆ ಪೇಟೆ ಕಾಲೇಜಿನವರು ಹೇಗೆ ನಗಬಹುದು, ತರಕಾರಿ ಅಂಗಡಿಯಲ್ಲಿ ಏನೆನ್ನಬಹುದು, ಇದೇ ಯೋಚನೆ. ನಾಚಿಕೆಗೇಡು, ಆದರೆ ಬರೆಯಲು ಕುಳಿತ ಮೇಲೆ ಮುಚ್ಚಿಡುವುದೇಕೆ? ಗುರುವಾರ ಫೈಲು ಒಳಗೆ ಹೋಗುವ ಮೊದಲು ನಾನು ಆ ಎರಡು ಹಾಳೆಗಳನ್ನು ಕೈಗೆತ್ತಿಕೊಂಡೆ. ಮೇಲಿನದ್ದನ್ನು ಕೆಳಗಿಟ್ಟೆ, ಕೆಳಗಿನದ್ದನ್ನು ಮೇಲಿಟ್ಟೆ. ಆಮೇಲೆ ಚಾ ತರಿಸಿ ಕುಡಿದೆ.

ಫಾರ್ಮು ‘ಮಾರ್ಚ್’ ಎಂದು ಬರೆಸಿಕೊಂಡು ಬಂತು. ಅವರು ಕೌಂಟರಿನಲ್ಲಿ ನಿಂತು ಅದನ್ನು ಎರಡು ಸಲ ಓದಿದರು.

“ನಾನು ಮೊದ್ಲು ಕೊಟ್ಟದ್ದಲ್ವಾ ಸಾರ್?”

“ಮೇಲಿನವರು ಬರೆದದ್ದು. ನಾನೆಂತ ಮಾಡ್ಲಿ ಹೇಳಿ” ಎಂದೆ. ಅಷ್ಟಕ್ಕೆ ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಸುಳ್ಳು ಹೇಳುವವನಿಗೆ ಬಾಯಿ ಮುಚ್ಚಲು ಬರುವುದಿಲ್ಲ. “ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತಲ್ಲ! ಕಪ್ ತಗೊಂಡೇ ಊರಿಗೆ ಹೋಗ್ಬಹುದು. ಮಗಳಿಗೆ ತೋರಿಸ್ಬಹುದು.”

ಅವರು ಟ್ರೇಯ ಕಡೆ ಒಮ್ಮೆ ನೋಡಿದರು. “ಆಯ್ತು ಸಾರ್” ಎಂದು ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದರು.

ಜನವರಿ ಬಂತು. ಹೇಳಿದರೆ ನಂಬಲಿಕ್ಕಿಲ್ಲ, ಅವರು ಆ ವರ್ಷ ಬಹಳ ಕೆಟ್ಟದಾಗಿ ಆಡಿದರು. ಚೆಂಡು ಕಾಲಿನ ಹತ್ತಿರ ಬಂದರೂ ಅವರ ಮನಸ್ಸು ಅಲ್ಲಿರುತ್ತಿರಲಿಲ್ಲ. ಒಂದು ಪಂದ್ಯದಲ್ಲಿ ಎದುರಿಗೆ ಗೋಲ್‌ಕೀಪರನೇ ಇಲ್ಲದ ಖಾಲಿ ಗೋಲಿಗೆ ಹೊಡೆಯಲು ಹೋಗಿ ಚೆಂಡನ್ನು ಗ್ಯಾರೇಜಿನ ತಗಡಿನ ಮೇಲೆ ಕಳಿಸಿದರು. ಇನ್ನೊಂದು ಪಂದ್ಯದಲ್ಲಿ ಆಟದ ನಡುವೆ ಗೆರೆಯ ಹತ್ತಿರ ನಿಂತುಬಿಟ್ಟಿದ್ದರು. ಅಲ್ಲಿ ಯಾರದೋ ಚಾಪೆಯ ಮೇಲೆ ಒಂದು ಮಗು ಫ್ಲಾಸ್ಕನ್ನು ಹಿಡಿದು ಎದ್ದು ನಿಲ್ಲಲು ನೋಡುತ್ತಿತ್ತು. “ಓಡಿ ಮಾರಾಯ್ರೆ, ಓಡಿ!” ಎಂದು ಸಂಜೆ ಕಾಲೇಜಿನವರೆಲ್ಲ ಬೊಬ್ಬೆ ಹಾಕುವಾಗ ಅವರು ಎಚ್ಚೆತ್ತು ಓಡಿದರು. ತಂಡ ಫೈನಲ್ಲಿಗೂ ಬರಲಿಲ್ಲ.

ಆದರೂ ಕಪ್ ಅವರಿಗೇ ಬಂತು. ಇನ್ಶೂರೆನ್ಸಿನ ಹಿರಿಯರು ಜೇಬಿನಿಂದ ಪತ್ರಿಕೆ ತೆಗೆದು, ಕನ್ನಡಕ ಏರಿಸಿ ಓದಿ, “ಎಡಗಾಲಿನಲ್ಲೂ ಬಲಗಾಲಿನಲ್ಲೂ ಸಮಾನ ಪ್ರಾವೀಣ್ಯ ತೋರಿದ” ಎಂದು ನನ್ನ ವಾಕ್ಯವನ್ನೇ ಮೈಕಿನಲ್ಲಿ ಹೇಳಿದರು. ವರ್ಷವಿಡೀ ಇವರೇ ಎಂದು ಮಾತಾಡಿದ ಜನಕ್ಕೆ, ಕಣ್ಣೆದುರು ಕಂಡದ್ದನ್ನು ಹೇಳಲು ಸಂಕೋಚ. ಚಪ್ಪಾಳೆ ಜೋರಾಗಿಯೇ ಬಿತ್ತು. ಅವರು ಕಪ್ಪನ್ನು ಎರಡು ಕಿವಿ ಹಿಡಿದು ತೆಗೆದುಕೊಂಡು, ಫೋಟೋಕ್ಕೆ ನಿಂತು, ಪಿಕಪ್ ಹತ್ತಿ ಹೋದರು. ನನ್ನ ಬೆನ್ನನ್ನು ಎಷ್ಟು ಜನ ತಟ್ಟಿದರೆಂದರೆ ಮಾರನೆಯ ದಿನ ನೋಯುತ್ತಿತ್ತು. ನಾಲ್ಕನೆಯ ವರ್ಷವೂ ನಿಜವಾಯಿತಲ್ಲ!

“ಅವ್ರು ಆಡಿದ್ದೆಂತ, ಕಪ್ ಕೊಟ್ಟದ್ದೆಂತ” ಎಂದಳು ಹೆಂಡತಿ, ಚಾಪೆ ಸುತ್ತುತ್ತ. “ನೀವೆಂತಾದ್ರೂ ಮಾಡಿದ್ರಾ?”

“ನಾನೆಂತ ಮಾಡುದು?” ಎಂದು ರೇಗಿದೆ. ಅವಳು ಸುತ್ತಿದ ಚಾಪೆಯನ್ನು ನನ್ನ ಕೈಗಿಟ್ಟು ಫ್ಲಾಸ್ಕು ಎತ್ತಿಕೊಂಡಳು.

ಮಾರ್ಚಿನಲ್ಲಿ ಅವರು ಊರಿಗೆ ಹೋದರು. ಮೇ ತಿಂಗಳ ಸೆಖೆಯಲ್ಲಿ ವಾಪಸು ಬಂದವರು ಪಾಸ್‌ಪೋರ್ಟ್ ಒಪ್ಪಿಸಲು ನನ್ನ ಕೌಂಟರಿಗೆ ಬಂದರು. ಹಲಸಿನ ಹಪ್ಪಳದ ಒಂದು ಕಟ್ಟು ತಂದಿದ್ದರು, ನನಗೆಂದೇ. ನಾನು ಹಿಗ್ಗಿದೆ.

“ಕಪ್ ತೋರಿಸಿದ್ರಾ ಮಗಳಿಗೆ?”

“ತೋರಿಸ್ದೆ ಸಾರ್” ಎಂದು ಫೋಟೋ ತೆಗೆದು ಮುಂದಿಟ್ಟರು. ಅಂಗಳದಲ್ಲಿ ಕಪ್ ಇಟ್ಟಿದ್ದಾರೆ. ಮಗು ಅದರ ಒಂದು ಕಿವಿ ಹಿಡಿದು ನಿಂತಿದೆ. ತಲೆಯಲ್ಲಿ ಈಗ ಕೂದಲಿದೆ, ಜುಟ್ಟು ಕಟ್ಟಿದ್ದಾರೆ. ಹಿಂದೆ ತಾಯಿ, ಅಜ್ಜಿ.

“ನೀವೆಲ್ಲಿ ಇದ್ರಲ್ಲಿ?”

“ನಾನಿಲ್ಲ ಸಾರ್. ಹತ್ರ ಬಂದ್ರೆ ಕಿರುಚ್ತಾಳೆ. ಗಡ್ಡದವ ಬಂದ ಅಂತ ಓಡಿ ಅಜ್ಜಿ ಸೆರಗಿನೊಳಗೆ. ಗಡ್ಡ ತೆಗ್ದೆ, ಆದ್ರೂ ಓಡಿದ್ಳು. ಕಪ್ಪಿಗೆ ಮಾತ್ರ ಹೆದರಿಕೆ ಇಲ್ಲ ಅವಳಿಗೆ.” ಅವರು ಸ್ವಲ್ಪ ನಕ್ಕರು. “ಓಡುದು ನೋಡ್ಬೇಕು ಸಾರ್ ನೀವು. ನನಗಿಂತ ಜೋರು.”

“ನಡೀಲಿಕ್ಕೆ ಯಾವಾಗ ಸುರು ಮಾಡಿದ್ಳು?” ಎಂದು ಕೇಳಿದೆ. ಯಾಕೆ ಕೇಳಿದೆನೋ, ಕೇಳಬಾರದಿತ್ತು.

“ಜನವರಿಯಲ್ಲಿ. ಮಾತು ತುಂಬಿಸಿ ಕ್ಯಾಸೆಟ್ಟು ಕಳಿಸಿದ್ರು ಮನೆಯವ್ರು, ಟೂರ್ನಮೆಂಟ್ ಮುಗಿದ ಮೇಲೆ ಸಿಕ್ಕಿತು. ಅದ್ರಲ್ಲಿ ಉಂಟು. ಅಜ್ಜಿ ‘ಬಲ, ಬಲ’ ಅಂತ ಕರೀತಾರೆ. ಆಮೇಲೆ ಒಂದು ಗಳಿಗೆ ಎಂತದೂ ಕೇಳುದಿಲ್ಲ. ಮತ್ತೆ ಎಲ್ರೂ ಚಪ್ಪಾಳೆ ಹೊಡೀತಾರೆ.”

ನಾನು ಪಾಸ್‌ಪೋರ್ಟಿನ ಪುಟ ತಿರುವುತ್ತ ಎಂಟ್ರಿ ಸೀಲನ್ನು ಹುಡುಕುವವನಂತೆ ನಟಿಸಿದೆ. ತುಳುವಿನಲ್ಲಿ ಬಲ ಎಂದರೆ ಬಾ ಎಂದು. ನಾನೂ ಕರಾವಳಿಯವನೇ, ನನ್ನ ಅಜ್ಜಿಯೂ ನನ್ನನ್ನು ಹಾಗೆಯೇ ಕರೆದಿದ್ದಳಂತೆ. ಆ ಚಪ್ಪಾಳೆಯ ಹೊತ್ತಿಗೆ ಈ ಮನುಷ್ಯ ವಾದಿ ಕಬೀರಿನ ಜಲ್ಲಿಯ ಮೇಲೆ ಯಾರದೋ ಮಗು ಏಳುವುದನ್ನು ನೋಡುತ್ತ ನಿಂತಿದ್ದರು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಕೊನೆಗೆ ನನ್ನ ಬಾಯಿಂದ ಬಂದದ್ದು ಇಷ್ಟು:

“ಬರುವ ವರ್ಷ ಒಳ್ಳೆ ಆಡಿ. ಪತ್ರಿಕೆಯಲ್ಲಿ ಪುನಃ ನಿಮ್ಮದೇ ಹೆಸರು ಹಾಕ್ತೇನೆ.”

ಅವರು ಫೋಟೋವನ್ನು ಜೋಪಾನವಾಗಿ ಜೇಬಿಗಿಟ್ಟರು. ಆಮೇಲೆ ಅದೇ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಬಿಡಿಸಿ ಕೌಂಟರಿನ ಮೇಲೆ ಹರಡಿದರು. ಅಕ್ಟೋಬರಿನ ರಜೆ ಫಾರ್ಮು. ಮೂಲೆಯಲ್ಲಿ ನನ್ನದೇ ಸೀಲು, ನನ್ನದೇ ಕೈಬರಹದಲ್ಲಿ ತಾರೀಕು.

“ಜನವರಿಗೆ ಊರಿಗೆ ಹೋದವ ನನ್ನ ರೂಮಿನವನೇ ಸಾರ್. ಅವನ ಫಾರ್ಮಿನಲ್ಲೂ ಸೀಲು ಉಂಟು. ಎರಡು ದಿನ ಆಮೇಲಿದ್ದು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. “ಅಕ್ಟೋಬರಿನಿಂದಲೇ ಗೊತ್ತುಂಟು ನನಗೆ. ಇನ್ನು ನನ್ನ ಹೆಸರು ಹಾಕ್ಬೇಡಿ ಸಾರ್. ಎರಡು ವರ್ಷ ಕಳೆದು ನಾನು ಪುನಃ ಫಾರ್ಮು ಕೊಡ್ಲಿಕ್ಕುಂಟು.”

ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಹೋಗುವಾಗ, ಹಪ್ಪಳವನ್ನು ಒಮ್ಮೆ ಬಿಸಿಲಿಗೆ ಹಾಕಿ ಕರಿಯಿರಿ ಎಂದು ಹೇಳಿ ಹೋದರು.